ಕೊಡಗಿನ ಹಿತ್ತಲ ತೋಟವೂ ಅದರಿಂದ ದೊರೆಯುವ ಶಿಕ್ಷಣವೂ

ಕೊಡಗಿನ ಜಮೀನುದಾರರಿಗೆ ಬೇಸಾಯದ ವಿಷಯದಲ್ಲಿ ಹೊಸದಾಗಿ ತಿಳಿಸತಕ್ಕದ್ದು ಹೆಚ್ಚಾಗಿಲ್ಲವೆಂಬುದನ್ನು ಮೊದಲಿಗೇ ಒಪ್ಪಿಕೊಳ್ಳಬೇಕು. ಭಾರತದಲ್ಲಿ ಬೆಳೆಯುವ ಕಾಫಿಯಲ್ಲಿ ಸುಮಾರು ಮೂರರಲ್ಲೊಂದು ಪಾಲು ಈ ಪುಟ್ಟ ಜಿಲ್ಲೆಯದು. ಹೂಮಳೆಯು ತಡವಾದರೆ ತೋಟಕ್ಕೆ ತುಂತುರು ನೀರನ್ನು ಎಂದು ಹಾಯಿಸಬೇಕು, ಮೆಣಸಿನ ಬಳ್ಳಿಯನ್ನು ಯಾವ ಮರಕ್ಕೆ ಹಬ್ಬಿಸಬೇಕು, ನೆರಳನ್ನು ಎಷ್ಟು ಸವರಬೇಕು ಎಂಬುದನ್ನು ಇಲ್ಲಿಯ ಒಕ್ಕಲುಮನೆಗಳ ಹಿರಿಯರು ಪುಸ್ತಕದ ನೆರವಿಲ್ಲದೆಯೇ ಹೇಳಬಲ್ಲರು. ಹೀಗಿದ್ದೂ ಇದೇ ಮನೆಗಳ ಅಡುಗೆಗೆ ಬೇಕಾಗುವ ಬೆಂಡೆ, ಬದನೆ, ಹುರುಳಿಕಾಯಿ, ಕೊತ್ತಂಬರಿ ಸೊಪ್ಪುಗಳು ಬಹುಮಟ್ಟಿಗೆ ಮೈಸೂರು, ಹುಣಸೂರುಗಳ ಕಡೆಯಿಂದ ಲಾರಿಯಲ್ಲಿ ಬಂದು, ವಾರದ ಸಂತೆಯಲ್ಲಿ ಕೊಳ್ಳಲ್ಪಡುತ್ತಿರುವುವು. ನೂರು ಏಕರೆ ಭೂಮಿಯುಳ್ಳವನು ಒಂದು ಹಿಡಿ ಸೊಪ್ಪಿಗಾಗಿ ಸಂತೆಯ ದಿನವನ್ನು ಎದುರುನೋಡುವುದು ವಿಚಿತ್ರವಲ್ಲವೆ?

ಮೊದಲು ಹೀಗಿರಲಿಲ್ಲ. ಹಳೆಯ ಐನ್‌ಮನೆಗಳು ನಿಂತಿರುವ ಸ್ಥಳವನ್ನು ನೋಡಿದರೆ ಹಿರಿಯರ ಆಲೋಚನೆಯು ತಾನಾಗಿಯೇ ತಿಳಿಯುವುದು. ಮುಂದೆ ಗದ್ದೆ, ಹಿಂದೆ ಬಾಣೆ. ಇವೆರಡರ ನಡುವೆ ಮನೆ. ಮನೆಯ ಮಗ್ಗುಲಲ್ಲಿ ಬಾಳೆ, ಕೆಸು, ಗೆಣಸು, ಕುಂಬಳ, ಅರಿಶಿನ, ಪರಂಗಿ ಮೆಣಸು, ಒಂದೆರಡು ಚಕ್ಕೋತ, ನಾಲ್ಕಾರು ಕಿತ್ತಳೆ. ಗದ್ದೆಯು ಅಕ್ಕಿಯನ್ನು ಕೊಟ್ಟರೆ, ಬಾಣೆಯು ಗದ್ದೆಗೆ ಸೊಪ್ಪುಗೊಬ್ಬರವನ್ನೂ ಒಲೆಗೆ ಸೌದೆಯನ್ನೂ ದನಕ್ಕೆ ಮೇವನ್ನೂ ಕೊಡುತ್ತಿತ್ತು. ಊಟದೆಲೆಯ ಮಿಕ್ಕ ಭಾಗವೆಲ್ಲ ಹಿತ್ತಲಿನದು. 1854ರಲ್ಲಿ ಫೌಲರ್ ಎಂಬ ಆಂಗ್ಲೇಯನು ಮಡಿಕೇರಿಯಲ್ಲಿ ಮೊದಲ ದೊಡ್ಡ ಕಾಫಿ ತೋಟವನ್ನು ತೆರೆದ ಮೇಲೆ ಈ ಬೆಳೆಯು ಬಾಣೆಯನ್ನು ಪ್ರವೇಶಿಸಿತು. ವರ್ಷದಿಂದ ವರ್ಷಕ್ಕೆ ಕೆಳಕ್ಕಿಳಿಯುತ್ತ ಬಂದು ಕಡೆಗೆ ಅಡುಗೆಮನೆಯ ಬಾಗಿಲನ್ನು ಮುಟ್ಟಿತು. ಕಾಫಿಯಿಂದ ನಾಡಿಗೆ ಸಂಪತ್ತು ಬಂದುದರಲ್ಲಿ ಸಂದೇಹವಿಲ್ಲ. ಅದನ್ನು ದೂಷಿಸುವುದು ಈ ಲೇಖನದ ಉದ್ದೇಶವೂ ಅಲ್ಲ. ಆದರೆ ಹಿತ್ತಲಿನೊಂದಿಗೆ ಕಾಯಿಪಲ್ಯಗಳು ಮಾತ್ರವೇ ಹೋದುವೆಂದು ಭಾವಿಸುವುದು ತಪ್ಪು. ಮನೆಯ ಮಕ್ಕಳು ಮಣ್ಣಿನ ಮೇಲೆ ಕುಳಿತು ಕಲಿಯುತ್ತಿದ್ದ ಕೆಲವು ಗುಣಗಳೂ ಅದರ ಜೊತೆಯಲ್ಲಿ ಹೋದುವು.

ಆಹಾರದ ಕೊರತೆಯುಂಟಾದಾಗಲೆಲ್ಲ ಜನರು ಹಿತ್ತಲನ್ನು ನೆನೆಯುವುದೂ, ಕೊರತೆಯು ತೀರಿದೊಡನೆ ಮರೆಯುವುದೂ ಲೋಕದ ರೂಢಿಯಾಗಿದೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಇಂಗ್ಲೆಂಡಿನಲ್ಲಿ ಉದ್ಯಾನಗಳನ್ನೂ ಆಟದ ಬಯಲುಗಳನ್ನೂ ಅಗೆದು ಗೆಡ್ಡೆಗೆಣಸುಗಳನ್ನು ಬೆಳೆದರು. ನಮ್ಮ ದೇಶದಲ್ಲಿಯೂ 1942-43ರಲ್ಲಿ ಹೆಚ್ಚು ಆಹಾರ ಬೆಳೆಯುವ ಚಳವಳಿಯು ನಡೆಯಿತು. 1989ರಲ್ಲಿ ಅಂತಾರಾಷ್ಟ್ರೀಯ ಕಾಫಿ ಒಪ್ಪಂದವು ಮುರಿದುಬಿದ್ದು, 2001ರ ಸುಮಾರಿಗೆ ಕಾಫಿಯ ಬೆಲೆಯು ಅತ್ಯಂತ ಕೆಳಕ್ಕೆ ಕುಸಿದಾಗ ಕೊಡಗಿನ ಅನೇಕ ಮನೆಗಳಲ್ಲಿ ಸಂತೆಯ ಚೀಲವು ಹಗುರವಾಯಿತು. 2018ರ ಆಗಸ್ಟ್ ತಿಂಗಳ ನಡುವೆ ಮಕ್ಕಂದೂರು, ಕಾಲೂರು, ಜೋಡುಪಾಲ ಮುಂತಾದ ಕಡೆಗಳಲ್ಲಿ ಬೆಟ್ಟಗಳು ಜರಿದು, ಮಡಿಕೇರಿಯಿಂದ ಮಂಗಳೂರಿಗೆ ಹೋಗುವ ಹೆದ್ದಾರಿಯು ಕಡಿದುಹೋಯಿತು. ಎಷ್ಟೋ ಗ್ರಾಮಗಳು ಹೊರಗಿನ ಸಂಪರ್ಕವಿಲ್ಲದೆ ಉಳಿದುವು. ಮನೆಯೇ ಮಣ್ಣಿನೊಡನೆ ಇಳಿದುಹೋದವರ ಮುಂದೆ ಹಿತ್ತಲಿನ ಮಾತನ್ನಾಡುವುದು ಕ್ರೌರ್ಯವಾದೀತು. ಆದರೆ ಮನೆಯು ಉಳಿದು ದಾರಿಯು ಮಾತ್ರ ಹೋದವರ ವಿಷಯವು ಬೇರೆ. ಅಂಥವರಿಗೆ ಕೈಗೆಟುಕುವಷ್ಟು ದೂರದಲ್ಲಿ ಕೆಸು, ಬಾಳೆಕಾಯಿ, ಬಸಳೆಗಳಿರುವುದಕ್ಕೂ ಇಲ್ಲದಿರುವುದಕ್ಕೂ ಎಷ್ಟು ಅಂತರವೆಂಬುದನ್ನು ವಿವರಿಸಬೇಕಾಗಿಲ್ಲ.

ಇಂಥ ತೋಟಕ್ಕೆ ಎಷ್ಟು ಭೂಮಿ ಬೇಕೆಂದರೆ, ಐದು ಸೆಂಟು ಸಾಕು. ಒಬ್ಬ ಮನುಷ್ಯನು ದಿನಕ್ಕೆ ಕನಿಷ್ಠ 400 ಗ್ರಾಂ ಹಣ್ಣು ಕಾಯಿಪಲ್ಯಗಳನ್ನು ತಿನ್ನಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯು ಹೇಳಿರುವುದು. ಐದು ಮಂದಿಯ ಕುಟುಂಬಕ್ಕೆ ಇದು ದಿನಕ್ಕೆ 2 ಕಿಲೋ, ವರ್ಷಕ್ಕೆ 730 ಕಿಲೋ ಆಗುವುದು. ಸುಮಾರು 200 ಚದರ ಮೀಟರು, ಎಂದರೆ ಐದು ಸೆಂಟು ಭೂಮಿಯನ್ನು ವರ್ಷವಿಡೀ ಬಿಡುವಿಲ್ಲದೆ ಸಾಗುವಳಿ ಮಾಡಿದರೆ ಈ ಅವಶ್ಯಕತೆಯ ದೊಡ್ಡ ಭಾಗವು ಪೂರೈಸುವುದು. ನಮ್ಮ ಮಳೆಗಾಲದ ತೊಂದರೆಗಳನ್ನು ಲೆಕ್ಕಕ್ಕೆ ತೆಗೆದುಕೊಂಡು ಅರ್ಧವೇ ದೊರೆಯಿತೆಂದಿಟ್ಟುಕೊಂಡರೂ 365 ಕಿಲೋ ಆಯಿತು. ಅದೇ ಐದು ಸೆಂಟಿನಲ್ಲಿ ರೊಬಸ್ಟಾ ಕಾಫಿಯಿದ್ದರೆ, ಹೆಕ್ಟೇರಿಗೆ ಒಂದು ಟನ್ನಿನ ಇಳುವರಿಯ ಮೇರೆಗೆ, ದೊರೆಯುವುದು 20 ಕಿಲೋ ಬೇಳೆ ಮಾತ್ರ. ಅಂಗಳದ ಅಂಚಿನ ನಾಲ್ಕು ಸಾಲು ಕಾಫಿಯನ್ನು ಕಿತ್ತರೆ ಮನೆತನವು ಮುಳುಗುವುದೆಂದು ಹೆದರುವವರು ಈ ಲೆಕ್ಕವನ್ನು ಒಮ್ಮೆ ಮಾಡಿ ನೋಡಬೇಕು.

ಇನ್ನು ಹಿತ್ತಲು ಕಲಿಸುವ ವಿಷಯಕ್ಕೆ ಬರೋಣ. ಮಡಿಕೇರಿಯಲ್ಲಿ ವರ್ಷಕ್ಕೆ ಸರಾಸರಿ 3,000 ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುವುದು. ಮೂವತ್ತು ಕಿಲೋಮೀಟರು ಪೂರ್ವಕ್ಕೆ ಕುಶಾಲನಗರದಲ್ಲಿ ಅದರ ಮೂರರಲ್ಲೊಂದು ಭಾಗದಷ್ಟು. ಆದಕಾರಣ ಬಯಲುಸೀಮೆಗಾಗಿ ಬರೆದ ಪುಸ್ತಕದ ತಿಂಗಳ ಪಟ್ಟಿಯನ್ನು ನೋಡಿ ಭಾಗಮಂಡಲದಲ್ಲಿ ಜೂನ್ ತಿಂಗಳಲ್ಲಿ ಟೊಮೇಟೊ ನೆಟ್ಟವನು ಜುಲೈ ತಿಂಗಳಲ್ಲಿ ಬರಿಯ ಕಡ್ಡಿಗಳನ್ನು ನೋಡುವನು. ಮಳೆಯು ಯಾರ ಅವಸರವನ್ನೂ ಕೇಳುವುದಿಲ್ಲ. ನಮ್ಮ ಹಿರಿಯರು ಕಕ್ಕಡ ಮಾಸದಲ್ಲಿ ಹಿತ್ತಲಿನಿಂದ ಬೇರೆ ಬೆಳೆಗಳನ್ನು ಅಪೇಕ್ಷಿಸುತ್ತಲೇ ಇರಲಿಲ್ಲ. ಆ ಮಾಸವು ತಾನಾಗಿ ಕೊಡುವುದನ್ನು ತೆಗೆದುಕೊಳ್ಳುತ್ತಿದ್ದರು. ಕೆಸುವಿನ ಎಲೆ, ತೆರ್ಮೆ ಸೊಪ್ಪು, ಎಳೆಯ ಬಿದಿರಿನ ಬೈಂಬಳೆ, ಅಣಬೆ, ಕಕ್ಕಡ ಹದಿನೆಂಟರ ದಿನ ಅನ್ನವನ್ನೂ ಪಾಯಸವನ್ನೂ ನೇರಳೆ ಬಣ್ಣಕ್ಕೆ ತಿರುಗಿಸುವ ಮದ್ದುಸೊಪ್ಪು, ಇವೆಲ್ಲ ಆ ಕಾಲದ ಆಹಾರ. ಇವುಗಳಲ್ಲಿಯೂ ಜಾಣ್ಮೆ ಬೇಕು. ಕೆಸುವಿನ ಎಲೆಯಲ್ಲಿ ಸೂಜಿಯಂಥ ಹರಳುಗಳಿರುವುದರಿಂದ ಸರಿಯಾಗಿ ಬೇಯದಿದ್ದರೆ ಗಂಟಲು ತುರಿಸುವುದು. ಹುಳಿ ಸೇರಿಸಿ ಚೆನ್ನಾಗಿ ಬೇಯಿಸುವ ರೂಢಿಯು ಇದಕ್ಕಾಗಿಯೇ ಬಂದಿತು. ಬೈಂಬಳೆಯನ್ನು ಹೆಚ್ಚಿ ನೀರಿನಲ್ಲಿ ನೆನೆಹಾಕಿ, ಆ ನೀರನ್ನು ಚೆಲ್ಲದೆ ಬಳಸಕೂಡದು. ಹಸಿಯ ಬಿದಿರಿನಲ್ಲಿ ವಿಷಾಂಶವುಂಟು. ಅಣಬೆಯನ್ನಂತೂ ನಿಶ್ಚಯವಾಗಿ ಗುರುತು ಬಲ್ಲವರ ಹೊರತು ಮತ್ತೊಬ್ಬರು ಕೀಳಬಾರದು. ಕಾಲವು ಕೊಡುವುದನ್ನು ವಿವೇಕದಿಂದ ಉಣ್ಣುವುದೂ, ಅದು ಕೊಡದುದಕ್ಕಾಗಿ ಚಡಪಡಿಸದಿರುವುದೂ ಕಕ್ಕಡ ಮಾಸದಲ್ಲಿ ಒಲೆಯ ಬಳಿ ಕುಳಿತ ಮಗುವಿಗೆ ಯಾರೂ ಹೇಳದೆಯೇ ತಿಳಿಯುತ್ತಿತ್ತು.

ಕಾಯಿಪಲ್ಯಗಳ ನಿಜವಾದ ಕಾಲವು ಮಳೆ ಇಳಿದ ಮೇಲೆ, ಎಂದರೆ ಕೈಲ್ ಪೊಳ್ದ್ ಹಬ್ಬದಿಂದಾಚೆಗೆ ಪ್ರಾರಂಭವಾಗುವುದು. ಆ ಹಬ್ಬದಲ್ಲಿ ಆಯುಧಗಳೊಡನೆ ನೇಗಿಲು, ಗುದ್ದಲಿಗಳಿಗೂ ಪೂಜೆ ಸಲ್ಲುವುದಷ್ಟೆ. ಪೂಜೆಯಾದ ಗುದ್ದಲಿಯು ಮರುದಿನ ಯಜಮಾನನ ಕೈಯಲ್ಲಿ ಕಾಣುವ ಮನೆಗಳು ಈಗೆಷ್ಟಿರುವುವೆಂಬುದನ್ನು ವಾಚಕರೇ ಎಣಿಸಿಕೊಳ್ಳಲಿ. ಸೆಪ್ಟೆಂಬರ್ ತಿಂಗಳಲ್ಲಿ ಮುಚ್ಚಿಗೆಯ ಕೆಳಗೆ ಸಸಿಮಡಿ ಮಾಡಿ, ತುಲಾ ಸಂಕ್ರಮಣವು ಕಳೆದ ಮೇಲೆ ನಾಟಿ ಮಾಡಿದರೆ ಹುತ್ತರಿಯ ವೇಳೆಗೆ ಬದನೆ, ಮೆಣಸುಗಳ ಗಿಡಗಳು ಹೂವಿಗೆ ಬರುವುವು. ಅದೇ ಹುತ್ತರಿಯ ಹಬ್ಬಕ್ಕೆ ಗೆಣಸು ಬೇಕು. ಅದನ್ನು ಮಾತ್ರ ಮುಂಗಾರಿಗೆ ಮೊದಲೇ ನೆಟ್ಟಿರಬೇಕು. ಹಬ್ಬದ ಹಿಂದಿನ ದಿನ ಪೇಟೆಯಲ್ಲಿ ಗೆಣಸನ್ನು ಕೊಂಡು ತರುವವನಿಗೆ ಈ ಏಳು ತಿಂಗಳ ಮುಂದಾಲೋಚನೆಯ ಅಭ್ಯಾಸವೇ ತಪ್ಪಿಹೋಗುವುದು.

ಮಣ್ಣಿನ ವಿಷಯದಲ್ಲಿ ಒಂದು ಮಾತು. ಧಾರಾಕಾರವಾದ ಮಳೆಯು ನಮ್ಮ ನೆಲದ ಸುಣ್ಣಾದಿ ಸತ್ವಗಳನ್ನು ತೊಳೆದುಕೊಂಡು ಹೋಗುವುದರಿಂದ ಇಲ್ಲಿಯ ಮಣ್ಣು ಹುಳಿಯಾಗಿರುವುದು. ಮಣ್ಣನ್ನು ಪರೀಕ್ಷೆ ಮಾಡಿಸಿ, ಹೇಳಿದಷ್ಟು ಸುಣ್ಣವನ್ನು ನಾಟಿಗೆ ಕೆಲವು ವಾರಗಳ ಮುಂಚೆ ಬೆರಸಬೇಕು. ಒಲೆಯ ಬೂದಿಯೂ ಒಳ್ಳೆಯದೇ. ಆದರೆ ಬೂದಿಯನ್ನೂ ಹಸಿಯ ಸಗಣಿ ಗಂಜಳಗಳನ್ನೂ ಒಂದೇ ಗುಂಡಿಗೆ ಸುರಿಯುವುದು ಅನೇಕ ಮನೆಗಳಲ್ಲಿ ಕಂಡುಬರುವ ಅವಿವೇಕ. ಹಾಗೆ ಮಾಡಿದರೆ ಗೊಬ್ಬರದ ಸಾರಜನಕವು ಗಾಳಿಗೆ ಹಾರಿಹೋಗುವುದು. ಕಸವನ್ನು ಗೊಬ್ಬರ ಮಾಡುವ ವಿದ್ಯೆಯಲ್ಲಿ ನಮ್ಮ ನಾಡಿಗೆ ಒಳ್ಳೆಯ ಹೆಸರುಂಟು: 1939ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ. ಎನ್. ಆಚಾರ್ಯರು ರೂಪಿಸಿದ ಕ್ರಮಕ್ಕೆ ಬೆಂಗಳೂರು ಪದ್ಧತಿಯೆಂದೇ ಹೆಸರಾಗಿದೆ. ಅದರಲ್ಲಿ ಗುಂಡಿಯನ್ನು ಪದರ ಪದರವಾಗಿ ತುಂಬಿ, ಮೇಲೆ ಮಣ್ಣು ಮೆತ್ತಿ, ತಿರುವಿಹಾಕದೆ ಬಿಡುವರು. ಆದರೆ ಕೊಡಗಿನ ಮಳೆಯಲ್ಲಿ ತೆರೆದ ಗುಂಡಿಯು ಕೆರೆಯಾಗುವುದು. ಆದುದರಿಂದ ಹೋವರ್ಡ್ ಸಾಹೇಬರು ಇಂದೂರಿನಲ್ಲಿ ನಡೆಸಿದಂತೆ ನೆಲದ ಮೇಲೆಯೇ ರಾಶಿ ಹಾಕಿ, ಅದಕ್ಕೊಂದು ಮಾಡು ಕಟ್ಟಿ, ಆಗಾಗ ತಿರುವಿಹಾಕುವುದು ಇಲ್ಲಿಗೆ ಹೊಂದುವುದೆಂದು ನಮ್ಮ ಅಭಿಪ್ರಾಯ. ಕಾಫಿಯ ಸಿಪ್ಪೆ, ತರಗು, ಬಾಳೆದಿಂಡು, ಅಡುಗೆಮನೆಯ ಕಸ, ಹಟ್ಟಿಯ ಸಗಣಿ ಎಲ್ಲವೂ ಅದಕ್ಕೆ ಸಲ್ಲುವುವು.

ಹಿತ್ತಲಿನಲ್ಲಿ ಯಜಮಾನಿಕೆಯು ನಡೆಯುವುದಿಲ್ಲವೆಂಬುದನ್ನು ಅತ್ಯಂತ ಸ್ಪಷ್ಟವಾಗಿ ತೋರಿಸುವುದು ಸೊರಗು ರೋಗ. ಆಳೆತ್ತರ ಬೆಳೆದು ಕಾಯಿ ಕಚ್ಚಿದ ಟೊಮೇಟೊ ಗಿಡವು ಬೆಳಗ್ಗೆ ಹಸುರಾಗಿದ್ದು ಮಧ್ಯಾಹ್ನ ತಲೆಬಾಗುವುದು. ಸಂಜೆಗೆ ಚೇತರಿಸಿಕೊಂಡಂತೆ ತೋರಿ ಮನೆಯವರಿಗೆ ಆಸೆ ಹುಟ್ಟಿಸುವುದು. ಎರಡು ಮೂರು ದಿನಗಳಲ್ಲಿ ಎಲೆಯು ಹಳದಿಯಾಗದೆ ಹಸುರಾಗಿಯೇ ಜೋತುಬಿದ್ದು ಸಾಯುವುದು. ನೀರು ಸಾಲದೆಂದು ನೀರು ಹೊಯ್ಯುವವರು, ಗೊಬ್ಬರ ಸಾಲದೆಂದು ಗೊಬ್ಬರ ಹಾಕುವವರು, ಪೇಟೆಯಿಂದ ಔಷಧವನ್ನು ತರಿಸಿ ಸಿಂಪಡಿಸುವವರು, ಎಲ್ಲರ ಶ್ರಮವೂ ವ್ಯರ್ಥ. ನಿಜವನ್ನು ತಿಳಿಯಲು ಸುಲಭವಾದ ಪರೀಕ್ಷೆಯೊಂದಿದೆ. ಬುಡದ ಕಾಂಡವನ್ನು ಕತ್ತರಿಸಿ, ಕತ್ತರಿಸಿದ ತುದಿಯು ಮುಳುಗುವಂತೆ ಗಾಜಿನ ಲೋಟದ ತಿಳಿನೀರಿನಲ್ಲಿ ತೂಗಹಾಕಿದರೆ, ರೋಗವಿದ್ದ ಪಕ್ಷದಲ್ಲಿ ಕೆಲವೇ ನಿಮಿಷಗಳಲ್ಲಿ ಹಾಲಿನ ಎಳೆಯಂಥ ದ್ರವವು ಕೆಳಕ್ಕಿಳಿಯುವುದು. ಅದು ಮಣ್ಣಿನಲ್ಲಿರುವ ಸೂಕ್ಷ್ಮಾಣುಗಳ ಸಮೂಹ. ಹಾಗೆ ಕಂಡ ಗಿಡಕ್ಕೆ ಔಷಧವಿಲ್ಲ. ಬೇರಿನ ಮಣ್ಣಿನೊಡನೆ ಅದನ್ನು ಕಿತ್ತು ಸುಡಬೇಕು, ಗೊಬ್ಬರದ ರಾಶಿಗೆ ಹಾಕಕೂಡದು, ಆ ಪಾತಿಯ ನೀರು ಮತ್ತೊಂದು ಪಾತಿಗೆ ಹರಿಯಗೊಡಬಾರದು, ಗುದ್ದಲಿಯನ್ನೂ ತೊಳೆಯಬೇಕು. ಅನಂತರ ಕೆಲವು ವರ್ಷ ಅಲ್ಲಿ ಟೊಮೇಟೊ, ಬದನೆ, ಮೆಣಸು, ಆಲೂಗೆಡ್ಡೆಗಳನ್ನು ಹಾಕದೆ ಜೋಳ, ಹುರುಳಿಕಾಯಿ, ಸೊಪ್ಪುಗಳನ್ನು ಬೆಳೆಯಬೇಕು. ಶುಂಠಿಯು ಸೊರಗಿ ಕೊಳೆತ ನೆಲದಲ್ಲಿಯೂ ಇವನ್ನು ಹಾಕದಿರುವುದು ಕ್ಷೇಮ. ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರ ಅರ್ಕಾ ಆಭಾ, ಅರ್ಕಾ ರಕ್ಷಕ್ ಎಂಬ ಟೊಮೇಟೊ ತಳಿಗಳು ಈ ರೋಗವನ್ನು ತಡೆಯಬಲ್ಲುವು; ಕಾಡುಸುಂಡೆಯ ಬುಡಕ್ಕೆ ಬದನೆ, ಟೊಮೇಟೊಗಳನ್ನು ಕಸಿಮಾಡುವ ಕ್ರಮವೂ ಉಂಟು.

ಈ ರೋಗವನ್ನು ಇಷ್ಟು ವಿಸ್ತರಿಸಿದುದಕ್ಕೆ ಕಾರಣವಿದೆ. ನೂರಾರು ಆಳುಗಳಿಗೆ ಅಪ್ಪಣೆ ಕೊಡುವ ಯಜಮಾನನಿಗೆ ಹಣದಿಂದಲೂ ಮಾತಿನಿಂದಲೂ ಸರಿಹೋಗದ ಸಂಗತಿಗಳು ಬಹು ವಿರಳವಾಗಿ ಎದುರಾಗುವುವು. ಇಲ್ಲಿ ಹಾಗಲ್ಲ. ಸತ್ತುದನ್ನು ಸತ್ತಿತೆಂದು ಬೇಗನೆ ಒಪ್ಪಿಕೊಂಡು ಕಿತ್ತವನಿಗೆ ಪಕ್ಕದ ಇಪ್ಪತ್ತು ಗಿಡಗಳು ಉಳಿಯುವುವು. ಮಮತೆಯಿಂದಲೋ ಅಭಿಮಾನದಿಂದಲೋ ವಾರವೆರಡು ವಾರ ನೀರೆರೆಯುತ್ತ ಕುಳಿತವನು ಎಲ್ಲವನ್ನೂ ಕಳೆದುಕೊಳ್ಳುವನು. ಕೊಡಗಿನ ಕಿತ್ತಳೆಯ ಚರಿತ್ರೆಯು ಇದನ್ನೇ ದೊಡ್ಡ ಪ್ರಮಾಣದಲ್ಲಿ ಹೇಳುವುದು. ಒಂದು ಕಾಲದಲ್ಲಿ ಕಾಫಿಯ ನಡುವೆ ಎಲ್ಲೆಲ್ಲಿಯೂ ಇದ್ದ ಈ ಸುಪ್ರಸಿದ್ಧ ಹಣ್ಣಿನ ಮರಗಳು ರೆಂಬೆಯ ತುದಿಯಿಂದ ಒಣಗುತ್ತ ಬರುವ ವ್ಯಾಧಿಗೂ, ಸಣ್ಣ ಕೀಟದಿಂದ ಹರಡುವ ಹಸುರುರೋಗಕ್ಕೂ ಸಿಕ್ಕಿ ಬಹುಪಾಲು ನಾಶವಾದುವು. ಹಣ್ಣಿಗೆ ಭೌಗೋಳಿಕ ಸೂಚಕದ ಮನ್ನಣೆಯು ದೊರೆತಾಗ ತೋರಿಸಲು ಮರಗಳು ಹುಡುಕಬೇಕಾದಷ್ಟು ವಿರಳವಾಗಿದ್ದುವು. ರೋಗ ಹಿಡಿದ ಮರವು ಇನ್ನೆರಡು ಬುಟ್ಟಿ ಹಣ್ಣು ಕೊಡಲೆಂದು ಉಳಿಸಿಕೊಂಡರೆ ಅದರಿಂದಲೇ ನೆರೆಯವನ ಮರಕ್ಕೂ ರೋಗವು ಹಬ್ಬುವುದೆಂಬುದನ್ನು ಮರೆಯಲಾಗದು.

ಬೀಜದ ಕಾರ್ಯವು ಕೊಡಗಿನಲ್ಲಿ ಹೆಚ್ಚಾಗಿ ಹೆಂಗಸರದು. ಚೆನ್ನಾಗಿ ಬಲಿತ ಮೊದಲ ಕಾಯನ್ನು ಬಳ್ಳಿಯಲ್ಲಿಯೇ ಹಣ್ಣಾಗಲು ಬಿಟ್ಟು, ಬೀಜವನ್ನು ತೊಳೆದು, ಬೂದಿ ಹಚ್ಚಿ ಒಣಗಿಸಿ, ಒಲೆಯ ಹೊಗೆ ತಾಗುವ ಅಟ್ಟದಲ್ಲಿ ಇಡುವ ರೂಢಿಯು ಹಳೆಯ ಮನೆಗಳಲ್ಲಿತ್ತು. ಒಳ್ಳೆಯ ಕಾಯನ್ನು ಇಂದು ತಿನ್ನದೆ ಮುಂದಿನ ವರ್ಷಕ್ಕೆ ಬಿಡುವುದಕ್ಕೆ ಸಂಯಮವು ಬೇಕು. ಮದುವೆಯಾಗಿ ಬೇರೆ ಒಕ್ಕಕ್ಕೆ ಹೋದ ಹೆಣ್ಣುಮಗಳೊಡನೆ ತವರಿನ ಸೌತೆ, ಹಾಗಲಗಳ ಬೀಜವೂ ಹೋಗುತ್ತಿತ್ತು. ಇದರಿಂದ ಒಂದು ಮನೆಯಲ್ಲಿ ತಳಿಯು ನಷ್ಟವಾದರೆ ಇನ್ನೊಂದು ಮನೆಯಲ್ಲಿ ಸಿಗುತ್ತಿತ್ತು, ಕೊಟ್ಟುದೇ ಉಳಿತಾಯವಾಗುತ್ತಿತ್ತು. ಪೊಟ್ಟಣದಲ್ಲಿ ಬರುವ ಸಂಕರ ತಳಿಗಳು ಇಳುವರಿಯಲ್ಲಿ ಮುಂದಾದರೂ ಅವುಗಳಿಂದ ತೆಗೆದ ಬೀಜವು ತಾಯಿಗಿಡದಂತೆ ಬರುವುದಿಲ್ಲ. ಎರಡನ್ನೂ ಬೆಳೆಯಲಿ, ಆಕ್ಷೇಪಣೆಯಿಲ್ಲ. ಆದರೆ ಊರಿನ ತಳಿಗಳನ್ನು ಕೈಬಿಡಬಾರದು. ಕಾಯಿಪಲ್ಯದ ಇನ್ನೊಂದು ಸ್ವಭಾವವನ್ನೂ ಗಮನಿಸಬೇಕು. ಕಾಫಿಯನ್ನು ಬೆಲೆ ಏರುವವರೆಗೆ ಉಗ್ರಾಣದಲ್ಲಿಡಬಹುದು, ಮೆಣಸನ್ನಂತೂ ವರ್ಷಗಟ್ಟಲೆ ಇಡಬಹುದು. ಪಡುವಲಕಾಯನ್ನು ನಾಲ್ಕು ದಿನ ಇಡಲಾಗುವುದಿಲ್ಲ. ಹೆಚ್ಚಾದುದನ್ನು ನೆರೆಮನೆಗೆ ಕಳುಹಿಸಲೇಬೇಕು.

ಕಾಡುಪ್ರಾಣಿಗಳ ಉಪದ್ರವದಿಂದಾಗಿ ಹಿತ್ತಲನ್ನು ಬಿಟ್ಟವರು ಅನೇಕರಿದ್ದಾರೆ. ಈ ಕಷ್ಟವು ನಿಜವಾದುದೇ. ಆನೆಗಳು ಓಡಾಡುವ ಊರುಗಳಲ್ಲಿ ಮನೆಯ ಹತ್ತಿರ ಬಾಳೆಯನ್ನು ಬೆಳೆಯುವುದೂ, ಹಲಸಿನ ಹಣ್ಣನ್ನು ಮರದಲ್ಲಿ ಬಿಡುವುದೂ ಅಪಾಯಕರ. ಅಲ್ಲಿ ಮೆಣಸು, ಅರಿಶಿನ, ಹಾಗಲ, ಸೊಪ್ಪುಗಳಿಗೆ ತೃಪ್ತಿಪಡಬೇಕು. ಮಂಗಗಳಿಗೆ ಇನ್ನೂ ಉಪಾಯವು ದೊರೆತಿಲ್ಲ.

ಮಕ್ಕಳ ವಿಚಾರವನ್ನು ಕಡೆಗಾಗಿ ಇಟ್ಟುಕೊಂಡೆವು. 1937ರಲ್ಲಿ ವಾರ್ಧಾದಲ್ಲಿ ಗಾಂಧೀಜಿಯವರು ಕೈಕೆಲಸದ ಮೂಲಕ ವಿದ್ಯೆಯನ್ನು ಕಲಿಸುವ ಯೋಜನೆಯನ್ನು ದೇಶದ ಮುಂದಿಟ್ಟರು. 2019ರಲ್ಲಿ ಭಾರತ ಸರ್ಕಾರವು ಶಾಲೆಗಳಲ್ಲಿ ಪೌಷ್ಟಿಕ ತೋಟಗಳನ್ನು ಮಾಡುವುದಕ್ಕೆ ಮಾರ್ಗಸೂಚಿಗಳನ್ನು ಹೊರಡಿಸಿತು. ಇವು ಒಳ್ಳೆಯವೇ. ಆದರೆ ಶಾಲೆಯ ತೋಟಕ್ಕೆ ಬೇಸಗೆಯ ರಜೆಯಲ್ಲಿ ನೀರೆರೆಯುವವರಿಲ್ಲ. ಮನೆಯ ತೋಟಕ್ಕೆ ರಜೆಯೇ ಇಲ್ಲ. ಹತ್ತು ವರ್ಷದ ಮಗುವಿಗೆ ಆರಡಿ ಉದ್ದ ಮೂರಡಿ ಅಗಲದ ಒಂದು ಮಡಿಯನ್ನು ಅದರದೆಂದೇ ಬಿಟ್ಟುಕೊಡಬೇಕು. ಹರಿವೆಯು ಒಂದು ತಿಂಗಳೊಳಗೆ ಕೈಗೆ ಬರುವುದು, ಮೂಲಂಗಿಗೆ ಒಂದೂವರೆ ತಿಂಗಳು, ಹುರುಳಿಕಾಯಿಗೆ ಎರಡು ತಿಂಗಳು, ಸುವರ್ಣಗೆಡ್ಡೆಗೆ ಎಂಟೊಂಬತ್ತು ತಿಂಗಳು. ಬೀಜದಿಂದ ಎಬ್ಬಿಸಿದ ಕಿತ್ತಳೆಗೆ ಐದಾರು ವರ್ಷ. ಇವೆಲ್ಲವನ್ನೂ ಒಂದೇ ದಿನ ನೆಡಿಸಿದರೆ ಕಾಯುವುದರಲ್ಲಿ ಎಷ್ಟು ಬಗೆಗಳುಂಟೆಂಬುದು ಮಗುವಿಗೆ ಮನವರಿಕೆಯಾಗುವುದು. ಮಗುವು ನೀರೆರೆಯಲು ಮರೆತು ಗಿಡವು ಬಾಡಿದರೆ, ಆಳಿನ ಕೈಯಲ್ಲಿ ಗುಟ್ಟಾಗಿ ನೀರು ಹಾಕಿಸುವ ತಂದೆತಾಯಿಗಳುಂಟು. ಅದು ಪ್ರೀತಿಯಲ್ಲ. ಗಿಡವು ಸಾಯಲಿ, ಮರುದಿನ ಇನ್ನೊಂದು ಹಿಡಿ ಬೀಜವನ್ನು ಕೊಟ್ಟರಾಯಿತು.

ಆದರೆ ತೋಟದ ಲೈನ್ ಮನೆಗಳಲ್ಲಿರುವ ಮಕ್ಕಳನ್ನು ಈ ಮಾತಿನಿಂದ ಹೊರಗಿಡುವುದು ನ್ಯಾಯವಲ್ಲ. ಕೊಡಗಿನ ಕಾಫಿಯು ಬಹಳ ಮಟ್ಟಿಗೆ ಎರವರು, ಕುರುಬರು ಮತ್ತು ಹೊರಗಿನಿಂದ ಬಂದ ಕೆಲಸಗಾರರ ಶ್ರಮದಿಂದ ನಡೆಯುತ್ತಿರುವುದು. ಸೊಪ್ಪು ತರಕಾರಿಗಳ ಅವಶ್ಯಕತೆಯು ಅವರ ಮಕ್ಕಳಿಗೆ ಯಜಮಾನರ ಮಕ್ಕಳಿಗಿಂತ ಹೆಚ್ಚು. ನೆಲವು ಮಾತ್ರ ಅವರಿಗಿಲ್ಲ. ಲೈನಿನ ಹಿಂದೆ ಮನೆಗೊಂದರಂತೆ ಒಂದು ಸೆಂಟು ನೆಲವನ್ನು ಬಿಟ್ಟು, ನಲ್ಲಿಯ ಬಚ್ಚಲು ನೀರನ್ನು ಆ ಕಡೆಗೆ ತಿರುಗಿಸಿದರೆ ಅದರಲ್ಲಿ ಬಸಳೆ, ಹರಿವೆ, ಪರಂಗಿ, ಕೆಸುಗಳು ಧಾರಾಳವಾಗಿ ಬರುವುವು. ಹತ್ತು ಕುಟುಂಬಗಳಿದ್ದರೆ ಹತ್ತು ಸೆಂಟು. ಕೆಲಸಗಾರರು ಕೆಲಸ ಬಿಟ್ಟು ಹಿತ್ತಲಿನಲ್ಲಿ ಕಾಲ ಕಳೆಯುವರೆಂದು ಕೆಲವು ಮಾಲೀಕರು ಹೇಳುವುದುಂಟು. ಒಂದು ಸೆಂಟು ನೆಲಕ್ಕೆ ದಿನಕ್ಕೆ ಅರ್ಧ ಗಂಟೆಗಿಂತ ಹೆಚ್ಚಿನ ಕೆಲಸವಿರುವುದಿಲ್ಲವೆಂಬುದನ್ನು ಅಂಥವರು ತಮ್ಮ ಹಿತ್ತಲಿನಲ್ಲಿಯೇ ಒಂದು ವರ್ಷ ಗುದ್ದಲಿ ಹಿಡಿದು ಪರೀಕ್ಷಿಸಬಹುದು.

ಊರ ತಕ್ಕರೂ ಒಕ್ಕದ ಪಟ್ಟೆದಾರರೂ ಪಂಚಾಯತಿಯ ಪ್ರಮುಖರೂ ಮನಸ್ಸು ಮಾಡಿದರೆ ಈ ಕಾರ್ಯಕ್ಕೆ ದೊಡ್ಡ ಖರ್ಚಿಲ್ಲ. ಮಳೆಗಾಲದ ಗ್ರಾಮಸಭೆಯಲ್ಲಿ ಯಾವ ಮನೆಯಲ್ಲಿ ಯಾವ ತಳಿಯ ಬೀಜವಿದೆಯೆಂಬುದನ್ನು ಒಂದು ಪುಸ್ತಕದಲ್ಲಿ ಬರೆಸಿಡಬೇಕು. ಹಳೆಯ ತಳಿಗಳನ್ನು ಬಲ್ಲ ವೃದ್ಧ ಸ್ತ್ರೀಯರನ್ನು ಕರೆಸಿ ಕೇಳಿದರೆ ಅರ್ಧ ಪಟ್ಟಿಯು ಅಲ್ಲಿಯೇ ತುಂಬುವುದು. ಮಣ್ಣಿನ ಪರೀಕ್ಷೆ, ರೋಗ ನಿರೋಧಕ ತಳಿಗಳ ಬೀಜ, ಕಿತ್ತಳೆಯ ರೋಗರಹಿತ ಸಸಿಗಳ ವಿಷಯವಾಗಿ ಗೋಣಿಕೊಪ್ಪಲಿನ ಕೃಷಿ ವಿಜ್ಞಾನ ಕೇಂದ್ರದಲ್ಲಾಗಲಿ, ಚೆಟ್ಟಳ್ಳಿಯ ತೋಟಗಾರಿಕಾ ಪ್ರಯೋಗ ಕೇಂದ್ರದಲ್ಲಾಗಲಿ, ತಾಲ್ಲೂಕಿನ ತೋಟಗಾರಿಕೆ ಇಲಾಖೆಯ ಕಚೇರಿಯಲ್ಲಾಗಲಿ ವಿಚಾರಿಸತಕ್ಕದ್ದು. ಮಣ್ಣಿನ ಮಾದರಿಯನ್ನು ಮಳೆ ನಿಂತ ಕೂಡಲೆ, ಸುಣ್ಣ ಗೊಬ್ಬರಗಳನ್ನು ಹಾಕುವುದಕ್ಕೆ ಮೊದಲು, ಹಿತ್ತಲಿನ ನಾಲ್ಕಾರು ಕಡೆಗಳಿಂದ ಅರ್ಧ ಅಡಿ ಆಳದವರೆಗೆ ತೆಗೆದು ಬೆರಸಿ, ನೆರಳಿನಲ್ಲಿ ಒಣಗಿಸಿ, ಬಟ್ಟೆಯ ಚೀಲದಲ್ಲಿ ಹೆಸರು ಬರೆದು ಕಳುಹಿಸಬೇಕು.